ಚಿತ್ರದಷ್ಟೇ ದೊಡ್ಡ ಚಮಚ

ಮೇಡಮ್ಮಾ,

ಈ ಕಾಗದ ತಿರುಗಿಸಿದರೆ ಹಿಂದೆ ನಮ್ಮದೇ ಚಮಚದ ಚಿತ್ರ ಕಾಣುತ್ತೆ. ಆಸ್ಪತ್ರೆಯ ಬೆಂಚಿನ ಮೇಲೆ ಬರೆಯೋಕೆ ಬೇರೆ ಕಾಗದ ಸಿಗಲಿಲ್ಲ. ಮನೆಮನೆಯಿಂದ ವಾಪಸ್ ತಂದ ಹಾಳೆಗಳು ನನ್ನ ಚೀಲದಲ್ಲೇ ಇವೆ. ಅಕ್ಷರ ಸೊಟ್ಟಗಿದ್ದರೆ ಮೂರನೇ ಕ್ಲಾಸಿನ ಮೇಷ್ಟ್ರನ್ನು ಬೈಯಿರಿ. ನಾಲ್ಕನೇ ಕ್ಲಾಸಿನವರು ನನ್ನ ಮುಖವನ್ನೇ ನೋಡಿಲ್ಲ.

ಈಗ ಮಧ್ಯಾಹ್ನ ಒಂದು ಗಂಟೆ. ನಾಲ್ಕಕ್ಕೆ ಸಭೆ. ನೀವು ಬೀದಿಯವರ ಮುಂದೆ ನಿಂತು, ತಪ್ಪೆಲ್ಲ ನನ್ನದು, ಶನಿವಾರದ ಪುಕ್ಕಟೆ ಕೆಲಸ ಇವತ್ತಿಗೆ ಬಂದ್ ಅಂತ ಹೇಳಿಬಿಡುತ್ತೀರಂತೆ. ಚಿತ್ರ ಬರೆಯೋ ನಮ್ಮ ಕನ್ನಡಕ ಹೇಳಿದ. ಅದಕ್ಕೆ ಮುಂಚೆ ನಿಮಗೊಂದು ವಿಷಯ ತಿಳಿಯಬೇಕು. ಎದುರಿಗೆ ಬಂದರೆ ನನ್ನ ಬಾಯಿಗೆ ಜೋಕೇ ಬರುತ್ತೆ. ಅದಕ್ಕೇ ಕಾಗದ.

ನಮ್ಮ ಚಿತ್ರದಂಗಡಿ ಅಂದರೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ, ಮೂರು ಜನ. ಬೋರ್ಡು ಕತ್ತರಿಸೋದು, ಪೋಸ್ಟರ್ ಅಂಟಿಸೋದು, ಟೀ ತರೋದು ಅಂತ ಸೇರಿಕೊಂಡವನನ್ನು ನೀವು ಪರೀಕ್ಷಕನನ್ನಾಗಿ ಮಾಡಿದಿರಿ. ಬಸ್ ಸ್ಟಾಪಿನ ನಂಬರ್ ಹಲಗೆಯಿರಲಿ, ಶಾಲೆ ಗೇಟಿನ ಮುಂದೆ ನಿಧಾನ ಹೋಗಿ ಅನ್ನೋ ಚಿತ್ರವಿರಲಿ, ಶನಿವಾರ ಬೀದಿಗಾಗಿ ಪುಕ್ಕಟೆ ಮಾಡಿದ್ದೆಲ್ಲ ಮೊದಲು ನನ್ನ ಮುಂದೆ ಬರಬೇಕು. "ಮೂರನೇ ಕ್ಲಾಸಣ್ಣ ಪಾಸ್ ಮಾಡಿದ್ರೆ ಪ್ರಿಂಟಿಗೆ" ಅಂತಿದ್ದಿರಿ. ಮನೆಯಲ್ಲಿ ಹೆಂಡತಿ ಮುಂದೆ ಎಷ್ಟು ಜಂಬ ಕೊಚ್ಚಿದ್ದೀನಿ ಗೊತ್ತಾ? ಅವಳು "ಫೇಲಾಗಿದ್ದಕ್ಕೇ ಕೆಲಸ ಸಿಕ್ಕಿದ್ದು ನಿಮ್ಮೊಬ್ಬರಿಗೇ" ಅಂದಳು. ನಿಜವೇ.

ನೆನಪಿದೆಯಾ, ಹೋದ ತಿಂಗಳು ಕ್ಯಾಲೆಂಡರ್ ಮಾಡಿಸೋಕೆ ಬಂದ ಬಣ್ಣದಂಗಡಿ ಸಾಹುಕಾರರು? ನನ್ನ ಕೆಲಸ ಏನು ಅಂತ ಕೇಳಿ, "ಓಹೋ, ಇವನಿಗೇ ಅರ್ಥ ಆದ್ರೆ ದನಕ್ಕೂ ಅರ್ಥ ಆಗತ್ತೆ ಬಿಡಿ!" ಅಂದರು. ನೀವೂ ನಕ್ಕಿರಿ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, "ಅಂಬಾ" ಅಂತ ಕೂಗಿಯೂ ತೋರಿಸಿದೆ. ಮೆಟ್ಟಿಲು ಇಳಿಯುವಾಗ ಮಾತ್ರ, ಇನ್ಮೇಲೆ ಹೊರಗಿನವರ ಮುಂದೆ ನನಗೆ ಅರ್ಥವಾಗಲಿಲ್ಲ ಅನ್ನಬಾರದು ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ.

ಆಮೇಲೆ ಬಂತು ಕ್ಲಿನಿಕ್ಕಿನ ಹಾಳೆ. ಬಾಟಲಿಯ ಮೇಲಿನ ಅಕ್ಷರ ಜನರಿಗೆ ಓದೋಕಾಗಲ್ಲ, ಕೆಮ್ಮಿನ ಔಷಧಿ ಹೇಗೆ ಕುಡಿಯೋದು ಅಂತ ಚಿತ್ರ ಮಾಡಿಕೊಡಿ ಅಂತ ನರ್ಸಮ್ಮ ಕೇಳಿದ್ದರು. ಮುದುಕರ ಕಣ್ಣಿಗೆ ಕಾಣಲಿ ಅಂತ ಕನ್ನಡಕ ಚಮಚವನ್ನು ಒಂದು ಗೇಣು ಉದ್ದ ಬರೆದ. ನೀವು ನನ್ನ ಮುಂದಿಟ್ಟು "ಅರ್ಥ ಆಯ್ತಾ?" ಅಂದಿರಿ. ನರ್ಸಮ್ಮ ಪಕ್ಕದಲ್ಲೇ ಕೂತಿದ್ದರು.

ಮೇಡಮ್ಮಾ, ನನಗೆ ಅರ್ಥ ಆಗಿರಲಿಲ್ಲ. ಇದು ಯಾವ ಚಮಚ? ನಮ್ಮನೆಯ ಬಡಿಸೋ ಸೌಟೂ ಇಷ್ಟೇ ಇದೆಯಲ್ಲ ಅಂತ ಅನಿಸಿತ್ತು. ಪ್ರಶ್ನೆ ನಾಲಿಗೆ ತುದಿವರೆಗೂ ಬಂತು, ಹಿಂದೆಯೇ ಸಾಹುಕಾರರ ದನವೂ ಬಂತು. "ಬೆಳಿಗ್ಗೆ ಒಂದು, ರಾತ್ರಿ ಒಂದು, ಮಧ್ಯಾಹ್ನ ಪುಕ್ಕಟೆ ನಿದ್ದೆ!" ಅಂದೆ. ಎಲ್ಲರೂ ನಕ್ಕರು. ಪಾಸು. ಶನಿವಾರ ನಲವತ್ತು ಹಾಳೆ ಬೀದಿಗೆ ಹೋದವು.

ಎದುರುಗಡೆ ದರ್ಜಿ ಎಂಥ ಅಳತೆಯ ಮನುಷ್ಯ ಅಂತ ನಿಮಗೇ ಗೊತ್ತು. ಕೆಮ್ಮುತ್ತಿದ್ದ ತಾಯಿಗೆ ಔಷಧಿ ಕೊಡೋಕೆ ಮನೆಯ ಚಮಚಗಳನ್ನೆಲ್ಲ ತಂದು ಒಂದೊಂದನ್ನೇ ಚಿತ್ರದ ಮೇಲಿಟ್ಟು ನೋಡಿದ್ದಾನೆ. ಸೌಟು ಸರಿಹೊಂದಿದೆ, ಅದರಲ್ಲೇ ಕುಡಿಸಿದ್ದಾನೆ. ಸೋಮವಾರ ಬೆಳಿಗ್ಗೆ ತಾಯಿ ಏಳದೇ ಹೋದಾಗ, ಆ ಸೌಟು ಹಿಡಿದೇ ನಮ್ಮ ಮೆಟ್ಟಿಲು ಹತ್ತಿ ಬಂದನಲ್ಲ. "ಸರಿಯಾಗೇ ಅಳೆದೆ ಕಣಮ್ಮ, ನೂಲಿನಷ್ಟೂ ವ್ಯತ್ಯಾಸ ಇಲ್ಲ ನೋಡಿ" ಅಂತ ನಿಮಗೇ ತೋರಿಸುತ್ತಿದ್ದ. ನನಗೆ ಜೀವಮಾನದಲ್ಲಿ ಮೊದಲ ಸಲ ಒಂದು ಜೋಕೂ ಹೊಳೆಯಲಿಲ್ಲ.

ಆ ಅಜ್ಜಿಯನ್ನು ಆಸ್ಪತ್ರೆಗೆ ಸಾಗಿಸಿ, ಹಾಳೆ ವಾಪಸ್ ತರೋಕೆ ಕ್ಲಿನಿಕ್ಕಿನ ಪಟ್ಟಿ ಹಿಡಿದು ಮೂವರೂ ಮೂರು ದಿಕ್ಕಿಗೆ ಓಡಿದೆವು. ನನ್ನ ಪಾಲಿನ ಹದಿನಾಲ್ಕು ಮನೆಯಲ್ಲಿ ಹದಿಮೂರು ಸಿಕ್ಕವು. ಕೊನೆಯದಕ್ಕೆ ಬೀಗ. ಗಾರೆ ಕೆಲಸದವರ ಮನೆ, ಮೂರು ವರ್ಷದ ಮಗುವಿಗೆ ಕೆಮ್ಮು. ಅವರು ಕಟ್ಟುತ್ತಿದ್ದ ಕಟ್ಟಡ ಹುಡುಕಿಕೊಂಡು ಹೋದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಇಟ್ಟಿಗೆ ರಾಶಿಯ ನೆರಳಲ್ಲಿ ಮಗು ಅಲ್ಲಾಡದೆ ಮಲಗಿತ್ತು. ಯಾರನ್ನೂ ಕೇಳದೆ ಎತ್ತಿಕೊಂಡು ಅಲ್ಲಾಡಿಸಿದೆ. ಕಣ್ಣು ಬಿಡಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದೆ. ಆಮೇಲೆ ಕಿಟಾರನೆ ಕಿರುಚಿತು ನೋಡಿ, ಅಷ್ಟು ಸಿಹಿಯಾದ ಅಳು ನಾನು ಕೇಳೇ ಇಲ್ಲ. ಅದರ ತಾಯಿ ಬಾಂಡಲಿ ಎಸೆದು ಬಂದಳು. "ಈಗಷ್ಟೇ ಮಲಗಿಸಿದ್ದೆ ಕಣಯ್ಯಾ, ತಲೆ ಸರಿ ಇದ್ಯಾ ನಿಂಗೆ? ಔಷಧಿನಾ? ಅಷ್ಟು ದೊಡ್ಡ ಚಮಚ ನಮ್ಮನೇಲಿ ಎಲ್ಲಿದೆ? ಬಾಟ್ಲಿ ಮುಚ್ಚಳದಲ್ಲಿ ಕೊಟ್ಟೆ." ಅವರ ಮನೆಯಲ್ಲಿ ಸೌಟು ಇಲ್ಲದಿದ್ದದ್ದೇ ಆ ಮಗುವಿನ ಪುಣ್ಯ. ಅದು ಉಳಿದದ್ದು ನನ್ನ ಬುದ್ಧಿಯಿಂದ ಅಲ್ಲ.

ನೀವು ಈ ಎರಡು ದಿನ ಕನ್ನಡಕನಿಗೆ "ನಾನು ನೋಡಿ ಒಪ್ಪಿದ್ದು, ನಿನ್ನದಲ್ಲ" ಅನ್ನುತ್ತಲೇ ಇದ್ದೀರಿ. ನಾನು ಅಲ್ಲೇ ಟೀ ಲೋಟ ತೊಳೆಯುತ್ತಾ, ತೊಳೆದಿದ್ದನ್ನೇ ತೊಳೆಯುತ್ತಾ ನಿಂತಿದ್ದೆ.

ಇಷ್ಟು ಬರೆಯುವಾಗ ವಾರ್ಡಿನ ಬಾಗಿಲು ತೆರೆಯಿತು. ದರ್ಜಿ ಬಂದ. ಎರಡು ದಿನದಿಂದ ನನ್ನ ಕಡೆ ನೋಡದವನು ಪಕ್ಕದಲ್ಲಿ ಕೂತ. "ಅಮ್ಮ ಕಣ್ಣು ಬಿಟ್ಟಳು. ತಮಾಷೆ ಮಾಡೋನು ಎಲ್ಲಿ ಅಂತ ಕೇಳಿದಳು" ಅಂದ. ನಾನು ಅತ್ತುಬಿಟ್ಟೆ ಮೇಡಮ್ಮಾ. ಅತ್ತು, ನಿಮಗೆ ಮೇಲೆ ಬರೆದದ್ದನ್ನೆಲ್ಲ ಅವನಿಗೂ ಹೇಳಿದೆ. ಹೊಡೀತಾನೆ ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ, "ನಾಲ್ಕು ಗಂಟೆಗೆ ಎಲ್ಲರ ಮುಂದೆ ಹೇಳು. ಮುಂದಿನ ಸಾಲಲ್ಲೇ ಕೂತಿರ್ತೀನಿ" ಅಂತ ಎದ್ದು ಹೋದ. ಅದು ಕ್ಷಮೆಯೋ ಬೆದರಿಕೆಯೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಅಂತ ಹೇಳೋದನ್ನು ಈಗಿಂದಲೇ ಕಲೀತಿದ್ದೀನಿ.

ಅದಕ್ಕೇ ಸಭೆಯಲ್ಲಿ ಮೊದಲು ನನ್ನನ್ನು ನಿಲ್ಲಿಸಿ. ಬೀದಿಯವರು ಉಗಿದರೆ ಉಗಿಯಲಿ, ನನ್ನನ್ನು ಕೆಲಸದಿಂದ ತೆಗೆದರೂ ಸರಿ. ಶನಿವಾರ ಮಾತ್ರ ನಿಲ್ಲಿಸಬೇಡಿ. ಮುಂದೆ ಪರೀಕ್ಷೆಗೆ ಯಾರನ್ನೇ ಕೂರಿಸಿ, ಅರ್ಥ ಆಯ್ತಾ ಅಂತ ಕೇಳಬೇಡಿ. ಬಾಟಲಿ ಕೊಟ್ಟು, ಮನೆಯಿಂದ ಚಮಚ ತರಿಸಿ, ಸುರಿದು ತೋರಿಸು ಅನ್ನಿ. ಬಾಯಿ ಮರ್ಯಾದೆಗೆ ಸುಳ್ಳು ಹೇಳುತ್ತೆ, ಕೈಗೆ ಅಷ್ಟು ಜಾಣತನ ಇಲ್ಲ.

ಕನ್ನಡಕ ಕೆಳಗೆ ಕಾಯುತ್ತಿದ್ದಾನೆ, ಇದನ್ನು ಅವನ ಕೈಯಲ್ಲಿ ಕಳಿಸುತ್ತೀನಿ. ನಾನು ಅಜ್ಜಿಯ ಮುಖ ನೋಡಿಕೊಂಡು, ನೇರ ಸಭೆಗೇ ಬರುತ್ತೀನಿ. ವಯಸ್ಸಿನಲ್ಲಿ ದೊಡ್ಡವನು ಅನ್ನೋ ಒಂದೇ ಹಕ್ಕಿನಿಂದ ಹರಸುತ್ತೀನಿ: ನೀವು ಎಳೆಯೋ ಗೆರೆ ಯಾವತ್ತೂ ಅಳುಕದಿರಲಿ, ನಿಮ್ಮ ಮುಂದೆ ಕೂತವರಿಗೆ ಗೊತ್ತಿಲ್ಲ ಅನ್ನೋ ಧೈರ್ಯ ಬರಲಿ.

ಮುಂದಿನ ಸಾಲಿನ ಎದುರು ನಿಲ್ಲೋಕೆ ಹೊರಟ,
ನಿಮ್ಮ ಮೂರನೇ ಕ್ಲಾಸು