ಮೂರನೆಯ ಗಾಜು

ತಾರೀಖು ೧೪, ಬುಧವಾರ
ಬೆಳಗ್ಗೆ ಎಂಟೂವರೆ, ಕೆಳಗಿನ ಮಠದ ಅಡುಗೆಮನೆ

ಪ್ರೀತಿಯ ಪುಟ್ಟಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ಭಿಕ್ಷುಣಿಯಾದ ಮಗಳಿಗೆ ಅಪ್ಪ ಆಶೀರ್ವಾದ ಮಾಡಬಹುದೋ, ಕೈ ಮುಗಿಯಬೇಕೋ ಗೊತ್ತಿಲ್ಲ. ಎರಡನ್ನೂ ಮಾಡಿದ್ದೇನೆ, ಯಾವುದು ಸಲ್ಲುತ್ತದೋ ಅದನ್ನು ತೆಗೆದುಕೋ. ಎರಡು ವರ್ಷ ಏಳು ತಿಂಗಳು ಒಂದು ಸಾಲನ್ನೂ ಬರೆಯದೆ ಈಗ ಒಮ್ಮೆಲೇ ಬರೆಯುತ್ತಿದ್ದೇನೆ. ನಿಮ್ಮ ಮೂರು ವರ್ಷದ ಏಕಾಂತಕ್ಕೆ ಅಡ್ಡಿ ಮಾಡಬಾರದೆಂಬ ನಿಯಮ ನನಗೂ ಗೊತ್ತಿತ್ತು. ಆದರೂ ತಡವಾದದ್ದಕ್ಕೆ ಕ್ಷಮಿಸು.

ಹೆದರಬೇಡ ಎಂದು ಶುರು ಮಾಡೋಣವೆಂದುಕೊಂಡೆ. ಆದರೆ ನೀನು ಹೆದರಲಿ ಎಂದೇ ಬರೆಯುತ್ತಿರುವ ಕಾಗದ ಇದು. ನೀವು ಏಳು ಜನ ಬಾಗಿಲು ಹಾಕಿಕೊಂಡು ಕುಳಿತಿರುವ ಮನೆಯ ಹಿಂದಿನ ಇಳಿಜಾರು ಜಾರುತ್ತಿದೆ. ಇವತ್ತೇ ಹೊರಗೆ ಬಾ. ಉಳಿದ ಆರು ಜನರನ್ನೂ ಕರೆದುಕೊಂಡು ಬಾ.

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀಯ. ನಾನಿರುವುದು ನಿನಗಿಂತ ನೂರಿಪ್ಪತ್ತು ಮೆಟ್ಟಿಲು ಕೆಳಗೆ. ಈ ಊರಿಗೆ ಬಂದು ಹದಿನಾಲ್ಕು ತಿಂಗಳಾಯಿತು. ದರ್ಜಿಯ ಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ, ಹಗಲು ಇಲ್ಲಿ ತರಕಾರಿ ಹೆಚ್ಚುತ್ತೇನೆ. ನಿನ್ನ ಬಟ್ಟಲಿಗೆ ಮೂಲಂಗಿ ದಪ್ಪದಪ್ಪ ಬರುತ್ತಿದ್ದರೆ ಅದು ನನ್ನ ಕೈ. ಮೂವತ್ತೊಂದು ವರ್ಷ ರಸ್ತೆ ಓವರ್‌ಸಿಯರ್ ಆಗಿದ್ದವನನ್ನು ಇಲ್ಲಿ ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ಇರಲಿ, ರಿಟೈರ್ ಆದವನಿಗೆ ಪ್ರಮೋಷನ್ ಏನು, ಡಿಮೋಷನ್ ಏನು.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನಿಮ್ಮ ಹಿತ್ತಲ ಗೋಡೆಯಾಚೆ ಚರಂಡಿಯ ಹೂಳು ತೆಗೆಯಲು ಹೋದಾಗ ನೆಲದಲ್ಲಿ ಬೆರಳು ತೂರುವಷ್ಟು ಬಿರುಕು ಕಂಡೆ. ಅದು ಅಲ್ಲಿನ ಕಲ್ಲುಕಟ್ಟೆಯನ್ನೂ ಸೀಳಿತ್ತು. ಕಟ್ಟೆಯ ಬಿರುಕಿಗೆ ಅಡ್ಡಲಾಗಿ ಕಿಟಕಿ ಗಾಜಿನ ಒಂದು ಪಟ್ಟಿಯನ್ನು ಸಿಮೆಂಟಿನಿಂದ ಕೂರಿಸಿದೆ. ಗಾಜಿಗೆ ಹಿಗ್ಗುವುದು ಗೊತ್ತಿಲ್ಲ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಒಡೆಯುತ್ತದೆ. ಮೊದಲನೆಯದು ಹದಿನೆಂಟು ದಿನ ಬಾಳಿತು. ಎರಡನೆಯದು ಆರು ದಿನ. ಮೂರನೆಯದನ್ನು ಸೋಮವಾರ ಬೆಳಗ್ಗೆ ಕೂರಿಸಿದ್ದೆ, ನಿನ್ನೆ ಮಧ್ಯಾಹ್ನಕ್ಕೆ ಎರಡು ತುಂಡು. ಕಾಲೇಜಿನಲ್ಲಿ ನಮ್ಮ ಪ್ರೊಫೆಸರು ‘ಎ ಸ್ಲೋಪ್ ಗಿವ್ಸ್ ನೋಟೀಸ್’ ಎನ್ನುತ್ತಿದ್ದರು, ಜಾರುವ ಮೊದಲು ಇಳಿಜಾರು ಎಚ್ಚರಿಕೆ ಕೊಡುತ್ತದೆ ಎಂದು. ಮುಂದೆ ‘ಓನ್ಲಿ ಒನ್ಸ್’ ಎಂದಿತ್ತೋ ‘ಓನ್ಲಿ ಟ್ವೈಸ್’ ಎಂದಿತ್ತೋ. ಬೇಡದ್ದೆಲ್ಲ ನೆನಪಿದೆ, ಇದೊಂದು ಹೋಗಿದೆ. ಎರಡರಲ್ಲಿ ಯಾವುದಾದರೂ ಸರಿ, ನಮ್ಮ ಲೆಕ್ಕ ಮುಗಿದಿದೆ.

ಪ್ರತಿಸಲವೂ ಗಾಜಿನ ಚೂರನ್ನು ಮಠದ ಹಿರಿಯಮ್ಮನ ಮುಂದೆ ಇಟ್ಟೆ. ಮೊದಲ ಸಲ ಮೇಕೆ ತುಳಿದಿರಬೇಕು ಎಂದರು. ಎರಡನೆಯ ಸಲ ಚಹಾ ಕೊಟ್ಟು ಕಳಿಸಿದರು. ನಿನ್ನೆ ಮಾತ್ರ ಚೂರನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಪಕ್ಕದಲ್ಲಿದ್ದ ಅಡುಗೆಯಮ್ಮ ಕೇಳಿಯೇ ಬಿಟ್ಟರು.

“ಮೇಸ್ತ್ರಿ, ನಿಜ ಹೇಳಿ. ನಿಮ್ಮ ಮಗಳು ಒಳಗಿಲ್ದೇ ಇದ್ದಿದ್ರೆ ಈ ಗಾಜುಗಳು ಇಷ್ಟು ಬೇಗ ಒಡೀತಿದ್ವಾ?”

ನಾನೇ ಒಡೆದೆ ಎಂದು ಅವರ ಅರ್ಥ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಏನಾದರೊಂದು ಸುಳ್ಳು ಹೇಳಿ ನಿನ್ನನ್ನು ಹೊರಗೆ ಕರೆಸಲೇ ಎಂದು ನಾನು ಯೋಚಿಸಿದ ದಿನಗಳೂ ಇದ್ದವು. ಆದರೆ ಗಾಜು ಒಡೆದವನು ನಾನಲ್ಲ ಪುಟ್ಟಿ.

ಹೊರಗಿನಿಂದ ಬಾಗಿಲು ಮುರಿಸಿ ಎಂದು ಕೇಳಿಕೊಂಡೆ. ಹಿರಿಯಮ್ಮ ಆಗದೆಂದು ತಲೆಯಾಡಿಸಿದರು. “ಚಿಲಕ ಒಳಗಡೆ ಇದೆ ಮೇಸ್ತ್ರಿ. ಅವರು ಮಾತು ಕೊಟ್ಟಿದ್ದು ನಂಗಲ್ಲ, ಬಿಡ್ಸೋಕೆ ನಾನ್ಯಾರು? ಕಾಗದ ಬರೀರಿ. ಚಿಲಕ ತೆಗೆಯೋದು ಬಿಡೋದು ನಿಮ್ಮ ಮಗಳಿಗೆ ಬಿಟ್ಟಿದ್ದು.” ಅಲ್ಲಿಂದ ಎದ್ದು ಬಂದು ಗೋಡೆಯಾಚೆ ನಿಂತು ಗಂಟಲು ಹರಿಯುವಂತೆ ಕೂಗಿದೆ. ಹೊರಗಿನ ದನಿಗೆ ನೀವು ಓಗೊಡುವುದಿಲ್ಲ ಎಂದು ಗೊತ್ತಿದ್ದೂ ಕೂಗಿದೆ.

ಒಬ್ಬರು ಚಿಲಕ ತೆಗೆದರೂ ಏಳೂ ಜನರ ಏಕಾಂತ ಮುರಿದು, ಮತ್ತೆ ಮೊದಲ ದಿನದಿಂದ ಕೂರಬೇಕಂತೆ. ಇನ್ನು ಐದೇ ತಿಂಗಳು ಬಾಕಿ. ಮಿಕ್ಕವರು ನಿನ್ನನ್ನು ಹೇಗೆ ನೋಡುತ್ತಾರೋ ಎಂದು ನಿನಗೆ ಅನ್ನಿಸುತ್ತದೆ. ನೋಡಲಿಕ್ಕೆ ಅವರು ಉಳಿಯಲಿ ಎಂದೇ ನಾನು ಹೇಳುತ್ತಿರುವುದು. ಎದುರು ದಿಬ್ಬದ ಮಠ ಬಂಡೆಯ ಮೇಲಿದೆ. ಅಲ್ಲಿನ ಭಿಕ್ಷುಗಳು ಬೆಳಗ್ಗೆಯಿಂದ ಗ್ರಂಥಗಳನ್ನು ಹೊತ್ತು ಹಾಕಿ ನಿಮಗೆಂದು ಎರಡು ಕೋಣೆ ಖಾಲಿ ಮಾಡುತ್ತಿದ್ದಾರೆ.

ನನ್ನ ಮಾತು ನಂಬಬೇಡ, ನಿನ್ನ ಕೋಣೆಯ ಬಾಗಿಲನ್ನು ನೋಡು. ಮರ ಒದ್ದೆಯಾಗಿ ಉಬ್ಬಿದರೆ ಬಾಗಿಲು ಎಲ್ಲ ಕಡೆಯೂ ಬಿಗಿಯುತ್ತದೆ. ಮೇಲಿನ ಒಂದೇ ಮೂಲೆಯಲ್ಲಿ ಚೌಕಟ್ಟಿಗೆ ಕಚ್ಚುತ್ತಿದ್ದರೆ ಗೋಡೆ ವಾಲಿದೆ ಎಂದರ್ಥ. ಹೆಬ್ಬಾಗಿಲೂ ಹಾಗೆ ಕಚ್ಚಿಕೊಂಡರೆ ನಾಳೆ ನೀವೇ ಬೇಕೆಂದರೂ ಚಿಲಕ ಸರಿಯುವುದಿಲ್ಲ.

ಬಟ್ಟಲುಗಳು ಹನ್ನೊಂದಕ್ಕೆ ಗೋಡೆಯ ಕಿಂಡಿಯಿಂದ ಒಳಗೆ ಬರುತ್ತವೆ. ನಿನ್ನ ಬಟ್ಟಲಿನ ಕೆಳಗೆ ಈ ಕಾಗದ ಇರುತ್ತದೆ. ಊಟ ಆಮೇಲೆ ಮಾಡು, ಮೊದಲು ಓದು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆ. ಮಳೆ ಬಿದ್ದು ಬಿರುಕಿಗೆ ನೀರಿಳಿದರೆ ಆಮೇಲೆ ನಾಲ್ಕನೆಯ ಗಾಜಿನ ಅಗತ್ಯ ಬೀಳುವುದಿಲ್ಲ.

ನಿನ್ನ ಮನಸ್ಸು ನಿಂತಲ್ಲೇ ನಿಂತಿರಲಿ ಮಗಳೇ, ಕಾಲು ಮಾತ್ರ ಹೊರಗೆ ಬರಲಿ. ನೂರು ಕಾಲ ಬಾಳು.

ಇತಿ ನಿನ್ನ
ಅಪ್ಪ

ತಾ.ಕ.: ಅಡುಗೆಯಮ್ಮ ಬಟ್ಟಲು ಜೋಡಿಸುತ್ತಿದ್ದಾರೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ನಿನ್ನನ್ನು ಎಳೆಯಲು ಇದನ್ನೂ ಹಗ್ಗ ಮಾಡಿಕೊಂಡೆ ಎನ್ನುತ್ತೀಯೆಂದು. ಆದರೆ ನಿಮ್ಮ ನಿಯಮದಂತೆ ಒಳಗೆ ಬರುವುದು ಒಂದೇ ಒಂದು ಕಾಗದ, ಅದೂ ಹೆತ್ತವರಲ್ಲೊಬ್ಬರು ಸಾಯುವಂತಿದ್ದರೆ, ಇಲ್ಲವೇ ಸತ್ತರೆ. ಕಾಗದ ಕಂಡ ಕೂಡಲೇ ನಿನಗೆ ತಿಳಿದಿರುತ್ತದೆ. ಬರೆದವನು ನಾನಾದ್ದರಿಂದ ಹೋದದ್ದು ಯಾರೆಂದೂ ತಿಳಿದಿರುತ್ತದೆ. ಅಮ್ಮ ಹೋಗಿ ಹದಿನಾರು ತಿಂಗಳಾಯಿತು. ಕೊನೆಯ ನಾಲ್ಕು ದಿನ ನಿನ್ನನ್ನೇ ಕೇಳಿದಳು. ಕಾಗದ ಹೋಗಿದೆ ಎಂದೆ. ನಾನು ಕಳಿಸಿರಲಿಲ್ಲ. ನಿನ್ನ ವ್ರತ ಕೆಡಬಾರದು ಎಂದು ದೊಡ್ಡ ಮನುಷ್ಯನಾದೆ. ನಾಲ್ಕನೆಯ ದಿನ “ಓದಿದ್ಳಂತಾ?” ಎಂದಳು. ಓದಿದಳಂತೆ ಎಂದೆ. “ಹಾಗಾದ್ರೆ ಬರಲ್ಲ ಬಿಡಿ” ಎಂದು ಆ ಕಡೆ ಹೊರಳಿದಳು. ನೀನು ಓದಿರಲೇ ಇಲ್ಲ ಎಂದು ಅವಳಿಗೆ ಹೇಳುವ ಹಾಗಿಲ್ಲ ಈಗ. ಬೈಯುವುದಿದ್ದರೆ ಹೊರಗೆ ಬಂದು ಎದುರಿಗೇ ಬೈ. ನಿಮ್ಮ ಹೆಬ್ಬಾಗಿಲಿನ ಈಚೆ ನಿಂತಿರುತ್ತೇನೆ. ನೀನು ಬರುವತನಕ ಅಲ್ಲಿಂದ ಕದಲುವುದಿಲ್ಲ.