ಗುಂಡನ ಮೈಮೇಲಿನ ಸಾಮಾನು

9 ನವೆಂಬರ್ 2024, ಶನಿವಾರ

ಮತ್ತೆ ಪಾರ್ಸೆಲ್. ಕೊರಿಯರಿನವನು ಈಗ ಬೆಲ್ ಕೂಡ ಒತ್ತುವುದಿಲ್ಲ, ಗೇಟಿನಿಂದಲೇ "ಆಂಟಿ, ಜೀಪ್ ಐಟಂ!" ಅಂತ ಕೂಗುತ್ತಾನೆ. ಜಯನಗರ ನಾಲ್ಕನೇ ಟಿ ಬ್ಲಾಕಿಗೆಲ್ಲ ನಮ್ಮನೆ ವಿಷಯ ಗೊತ್ತಾಗಿದೆ.

ಈ ಸಲ ಬಂದದ್ದು ಆನಿಂಗ್. ಜೀಪಿನ ಪಕ್ಕಕ್ಕೆ ಬಿಚ್ಚಿ ನಿಲ್ಲಿಸುವ ಚಪ್ಪರ, ಅಷ್ಟೇ. ಚಪ್ಪರ ಅಂದರೆ ಸೀನುಗೆ ಅವಮಾನ.

ಎದುರಿಗೆ "ರೀ". ಸೀನು ಅನ್ನುವುದು ಈ ಡೈರಿಯಲ್ಲಿ ಮಾತ್ರ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನ ಹೆಸರಿಗೆ ನಾಲಿಗೆ ತಿರುಗಿಲ್ಲ. ನಾನು ಪಾಠ ಮಾಡುವ ಕಾಲೇಜಿನ ಹುಡುಗಿಯರು ಕೇಳಿದರೆ ನಗುತ್ತಾರೆ.

ಸೀನು ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡು ಈ ಹಳೇ ಜೀಪು ತಂದಾಗ ಏನಿತ್ತು ಇದರಲ್ಲಿ? ಹಿಂದೆ ಒಂದು ಹಾಸಿಗೆ, ಎರಡು ಸ್ಟೀಲ್ ತಟ್ಟೆ, ಫ್ಲಾಸ್ಕಿನಲ್ಲಿ ಡಿಕಾಕ್ಷನ್. ದುಂಡಗಿದ್ದಾನೆ ಅಂತ ಗುಂಡ ಎಂದು ಹೆಸರಿಟ್ಟೆ. ಮೊದಲ ಟ್ರಿಪ್ಪಿನ ಸಂಜೆ ಹಿಂದಿನ ಬಾಗಿಲು ತೆಗೆದು, ಕಾಲು ಇಳಿಬಿಟ್ಟು ಇಬ್ಬರೂ ಕೂತಿದ್ದೆವು. ಸಾಲ, ಆಡಿಟ್ಟು, ಟ್ರಾನ್ಸ್‌ಫರ್ ಬಿಟ್ಟು ಬೇರೆ ಮಾತಾಡಿದ್ದು ಆವತ್ತೇ ಇರಬೇಕು. ನನಗೆ ಎಂಥ ಖುಷಿಯಾಗಿತ್ತು! ಹಾಗಂತ ಇವರಿಗೆ ಹೇಳಿದೆನೋ ಇಲ್ಲವೋ, ನೆನಪಿಲ್ಲ.

ಈಗ ಗುಂಡನ ತಲೆ ಮೇಲೆ ಟೆಂಟು. ಹೊಟ್ಟೆಯೊಳಗೆ ಫ್ರಿಜ್ಜು, ಅದಕ್ಕೊಂದು ಬೇರೆ ಬ್ಯಾಟರಿ. ಹಿಂದೆ ಡ್ರಾಯರ್‌ಗಳು. ಮುಂದೆ ಮದುವೆಮನೆಗೆ ಹಾಕುವಂಥ ಲೈಟು. ಹಾಸಿಗೆಗೆ ಜಾಗ ಇಲ್ಲ.

24 ನವೆಂಬರ್, ಭಾನುವಾರ

ಟ್ರಿಪ್ಪಿನಿಂದ ಈಗ ಬಂದೆವು. ಕನಕಪುರ ದಾಟಿ, ಒಂದು ಕೆರೆ ಪಕ್ಕ. ಬೆಳಕಿರುವಾಗಲೇ ತಲುಪಿದ್ದೆವು. ಬಿಚ್ಚಿ, ಎತ್ತಿ, ಕಟ್ಟಿ ಮುಗಿಯುವಾಗ ಕತ್ತಲು. ಸೂರ್ಯ ಮುಳುಗಿದ್ದನ್ನು ನಾನೊಬ್ಬಳೇ ನೋಡಿದೆ. ಕರೆಯಲಿಲ್ಲ ಅಂತೇನಿಲ್ಲ.

"ರೀ, ಬನ್ರೀ ಇಲ್ಲಿ, ನೋಡಿ ಹೆಂಗ್ ಕೆಂಪಗಾಗಿದೆ!"

"ಬಂದೆ ಬಂದೆ. ಫ್ರಿಜ್‌ಗೆ ಕರೆಂಟ್ ಬರ್ತಿಲ್ಲ. ಒಂದ್ ನಿಮಿಷ."

ಆ ನಿಮಿಷ ಮುಗಿಯುವಷ್ಟರಲ್ಲಿ ಸೂರ್ಯ ಮನೆಗೆ ಹೋಗಿದ್ದ. ಫ್ರಿಜ್ಜಿನೊಳಗೆ ಇದ್ದದ್ದು ಒಂದು ಪ್ಯಾಕೆಟ್ ಮೊಸರು.

ಊಟಕ್ಕೆ ಕೂತಾಗ ಮೊಸರು ಹುಳಿ ಅಂದೆ. ಟೆಂಟಿನ ಏಣಿ ಅಲ್ಲಾಡುತ್ತೆ ಅಂದೆ. ಲೈಟಿಗೆ ಹುಳ ಮುತ್ತುತ್ತೆ ಅಂದೆ. ಸೀನು ಎಲ್ಲಕ್ಕೂ "ಹೂಂ, ನೋಡೋಣ" ಅಂದರು. ನನ್ನ ಬೇಜಾರು ಮೊಸರಿನದೂ ಅಲ್ಲ, ಏಣಿಯದೂ ಅಲ್ಲ. ಪಕ್ಕದಲ್ಲಿ ಬಂದು ಕೂರಲಿಲ್ಲವಲ್ಲ, ಅದು. ಅದನ್ನು ಮಾತ್ರ ಹೇಳಲಿಲ್ಲ.

27 ನವೆಂಬರ್

ಪಾರ್ಸೆಲ್. ಏಣಿಯ ಕಾಲಿಗೆ ರಬ್ಬರ್. ಹುಳ ಬರದ ಹಳದಿ ಲೈಟು.

22 ಡಿಸೆಂಬರ್, ಭಾನುವಾರ

ಗುಂಡ ಹೂತುಹೋದ. ಅದೇ ಕೆರೆಯ ದಾರಿಯಲ್ಲಿ ಒಂದು ಸಣ್ಣ ಹಳ್ಳ. ಮೊದಲ ಟ್ರಿಪ್ಪಿನಲ್ಲಿ ಇಲ್ಲಿಗೇ ಬಂದಾಗ ಗಮನಿಸಿಯೇ ಇರಲಿಲ್ಲ, ಅಷ್ಟು ಸಲೀಸಾಗಿ ದಾಟಿದ್ದೆವು; ಹೋದ ತಿಂಗಳು ತಿಣುಕಿ ದಾಟಿದ್ದ. ಈ ಸಲ ಹಿಂದಿನ ಚಕ್ರ ಕೆಸರಿಗೆ ಇಳಿದದ್ದು ಮೇಲೇಳಲೇ ಇಲ್ಲ. ಮೈಮೇಲೆ ಅಷ್ಟು ಸಾಮಾನು ಹೊತ್ತುಕೊಂಡು ಪಾಪ ಅವನಾದರೂ ಏನು ಮಾಡಿಯಾನು!

ಒಂದೊಂದಾಗಿ ಇಳಿಸಿದೆವು. ಬ್ಯಾಟರಿ. ಡ್ರಾಯರ್. ಫ್ರಿಜ್ಜನ್ನು ಇಬ್ಬರೂ ಹಿಡಿದು ದಡಕ್ಕೆ ಒಯ್ಯುವಾಗ ನನ್ನ ಚಪ್ಪಲಿ ಕೆಸರಲ್ಲೇ ಉಳಿಯಿತು. ಸೊಂಟ ಹಿಡಿಯಿತು. ಬಾಯಿಗೆ ಬಂದದ್ದು ಅಂದೆ.

"ಈ ಸರ್ಕಸ್ ಯಾರಿಗ್ ಬೇಕಿತ್ತು ರೀ?"

ಸೀನು ಈ ಸಲ "ನೋಡೋಣ" ಕೂಡ ಅನ್ನಲಿಲ್ಲ. ಗುಂಡ ಮೇಲೆ ಬಂದ ಮೇಲೆ ಕೆರೆಗೂ ಹೋಗಲಿಲ್ಲ, ತಿರುಗಿಸಿಕೊಂಡು ಹೊರಟೆವು. ತಲಘಟ್ಟಪುರದ ಟ್ರಾಫಿಕ್ಕಿನಲ್ಲಿ ನಿಂತಾಗ ಮೆಲ್ಲಗೆ ಕೇಳಿದರು.

"ನಿಂಗಿದು ಇಷ್ಟ ಇಲ್ಲ, ಅಲ್ವಾ ವಾರಿಜಾ?"

"ಮುಂದೆ ನೋಡ್ರೀ, ಸಿಗ್ನಲ್ ಬಿಡ್ತು," ಅಂದೆ.

ಎಂಥ ಉತ್ತರ! ಮನೆಗೆ ಬಂದಾಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

14 ಜನವರಿ 2025, ಸಂಕ್ರಾಂತಿ

ಮೂರು ವಾರದಿಂದ ಒಂದೂ ಪಾರ್ಸೆಲ್ ಬಂದಿಲ್ಲ. ಖುಷಿಯಾಗಬೇಕಿತ್ತು… ಆಗುತ್ತಿಲ್ಲ.

ಬೆಳಗ್ಗೆ ಎಳ್ಳು ಬೆಲ್ಲ ಕೊಟ್ಟೆ. ಇವತ್ತಾದರೂ ನಾಲ್ಕು ಒಳ್ಳೆ ಮಾತಾಡೋಣ ಅಂತಲೇ ಕೊಟ್ಟಿದ್ದು. ಬಾಯಿಗೆ ಹಾಕಿಕೊಂಡೆ, ಬಂದ ಮಾತು — "ಈ ಸಲ ಕೊಬ್ಬರಿ ಕಮಟಾಗಿದೆ."

ಸೀನು ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಗಾಡಿ ಮಾರ್ಬಿಡ್ತೀನಿ. ಆನ್‌ಲೈನಲ್ಲಿ ಹಾಕಿದೀನಿ. ಭಾನ್ವಾರ ಒಬ್ರು ನೋಡಕ್ಕೆ ಬರ್ತಾರೆ."

ಬೇಡ ಅನ್ನಬೇಕು ಅಂತ ಗಂಟಲವರೆಗೂ ಬಂತು. "ಕಾಫಿ ಇನ್ನೊಂದ್ಚೂರು ಹಾಕ್ಲಾ?" ಅಂತ ಕೇಳಿದೆ. ನನಗೇನು ಬಂದಿದೆ ರೋಗ?

ಮಧ್ಯಾಹ್ನ ಬಾಲ್ಕನಿಯಿಂದ ನೋಡಿದರೆ ಸೀನು ಗುಂಡನನ್ನು ತೊಳೆಯುತ್ತಿದ್ದರು. ಎಂದೂ ಅಷ್ಟು ನಿಧಾನವಾಗಿ ತೊಳೆದವರಲ್ಲ.

19 ಜನವರಿ, ಭಾನುವಾರ

ಇವತ್ತಾದದ್ದನ್ನು ಬರೆದೇ ಬಿಡುತ್ತೇನೆ.

ಬಂದವನ ಹೆಸರು ನಂದಕುಮಾರ್. ವಸಂತಪುರದವನು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆಯಂತೆ. ಕನಕಪುರದ ಆಚೆ ಒಂದು ಮಾವಿನ ತೋಪು ಉಳಿಸಿಕೊಂಡಿದ್ದಾನೆ, ಅಲ್ಲಿ ಓಡಾಡಕ್ಕೆ ಜೀಪು ಬೇಕು. ಮೂವತ್ತೈದರ ಆಸುಪಾಸು, ನಗುಮುಖ. ನಾನು ಕಾಫಿ ಟ್ರೇ ಹಿಡಿದು ಬಾಗಿಲಿಗೆ ಬಂದೆ. ಇಬ್ಬರ ಬೆನ್ನೂ ನನ್ನ ಕಡೆ.

"ಸಾರ್, ಈ ಚಪ್ಪರ ಯಾಕ್ ಹಾಕ್ಸಿದ್ರಿ?"

ಚಪ್ಪರ ಅಂದ! ಬಾಯಿ ತುಂಬಾ ನಗು ಬಂತು. ಆಮೇಲೆ ಸೀನು ಹೇಳಿದ್ದು ಕೇಳಿ ನಗು ಹೋಯ್ತು.

"ವಾರಿಜಾಗೆ ಬಿಸಿಲಾಗಲ್ಲ. ತಲೆನೋವು ಬಂತು ಅಂದಿದ್ಲು ಒಂದ್ಸಲ."

"ಮೇಲೆ ಟೆಂಟು?"

"ಹಾಸಿಗೆಗೆ ಇರುವೆ ಹತ್ತಿತ್ತು. ಕಚ್ತು ಅಂದ್ಲು."

"ಫ್ರಿಜ್ಜು?"

"ಹಾಲು ಒಡೆದೋಯ್ತು. ಕಾಫಿ ಇಲ್ಲ ಅಂತ ದಾರಿಯುದ್ದಕ್ಕೂ ಹೇಳಿದ್ಲು ಪಾಪ."

"ಈ ಪಾಟಿ ಲೈಟು?"

"ಕತ್ಲಲ್ಲಿ ಕಾಲಿಡಕ್ಕೆ ಭಯ ಅವಳಿಗೆ."

ನಾನು ಯಾವಾಗ ಅಂದಿದ್ದೆ ಇದನ್ನೆಲ್ಲ! ಅಂದಿರಬೇಕು. ಅಂದು, ಅಲ್ಲೇ ಮರೆತಿದ್ದೆ. ನನ್ನ ಒಂದೊಂದು ಗೊಣಗಾಟಕ್ಕೂ ಒಂದೊಂದು ಪಾರ್ಸೆಲ್. ಇವರ ಹುಚ್ಚು ಅಂತ ನಾನು ಊರೆಲ್ಲ ಆಡಿಕೊಂಡದ್ದು ಅಷ್ಟೂ ನನಗೋಸ್ಕರ ತಂದದ್ದು.

"ಮತ್ಯಾಕ್ ಮಾರ್ತೀರಾ ಸಾರ್?"

"ಇಷ್ಟೆಲ್ಲ ಮಾಡಿದ್ರೂ ಅವಳಿಗೆ ಇಷ್ಟ ಆಗ್ಲಿಲ್ಲ. ಒಬ್ನೇ ಹೋಗಿ ಏನ್ ಮಾಡ್ಲಿ, ಹೇಳಿ?"

"ಸೀನು, ಮಾರ್ಬೇಡಿ!"

ನಾನೇ. ನನ್ನದೇ ದನಿ. ಇಬ್ಬರೂ ತಿರುಗಿದರು. ನಂದಕುಮಾರ್ ಟ್ರೇಯಿಂದ ತನ್ನ ಲೋಟ ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ದಾಸವಾಳದ ಗಿಡ ನೋಡುತ್ತ ನಿಂತ. ಜಾಣ.

"ನಂಗಿಷ್ಟ ಕಣ್ರೀ. ಮೊದಲ್ನೇ ಸಲ ಹೋದಾಗ್ಲಿಂದಾನೂ ಇಷ್ಟ."

"ಮತ್ತೆ ಹೋದಾಗೆಲ್ಲ ಬೈತಿದ್ದೆ?"

"ಅದು ಬೈಯೋದಲ್ಲ, ಮಾತಾಡೋದು. ನಮ್ಮನೇಲಿ ಎಲ್ರೂ ಹಂಗೇ. ನಮ್ಮಮ್ಮ ತಿರುಪತಿಯಿಂದ ಬಂದ್ರೂ ಕ್ಯೂ ಬಗ್ಗೆ ಹೇಳ್ತಿದ್ರೇ ಹೊರತು ದೇವ್ರ ಬಗ್ಗೆ ಹೇಳ್ತಿರ್ಲಿಲ್ಲ."

ಸೀನು ಕನ್ನಡಕ ತೆಗೆದು ಬನೀನಿನ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ಹಂಗಾದ್ರೆ ನಿಂಗೇನ್ ಬೇಕು ಅಂತ ಸರಿಯಾಗ್ ಹೇಳು."

"ಹಾಸಿಗೆ. ಎರಡು ತಟ್ಟೆ. ಸಾಯಂಕಾಲ ನೀವು ನನ್ ಪಕ್ಕ ಕೂತಿರ್ಬೇಕು. ಇನ್ನೇನೂ ಬೇಡ."

ಜೀಪು ಕೊಳ್ಳಲು ಬಂದ ನಂದಕುಮಾರ್ ಅದರ ಬದಲು ಚಪ್ಪರ, ಟೆಂಟು, ಫ್ರಿಜ್ಜು, ಬ್ಯಾಟರಿ, ಲೈಟು ಒಯ್ಯುವುದು ಅಂತಾಯಿತು. ತೋಪಿನ ಕಾವಲು ಮನೆಗೆ ಆಗುತ್ತೆ ಅಂದ. ಡ್ರಾಯರ್‌ಗಳಲ್ಲಿ ನನ್ನ ಹಳೇ ವ್ಯಾಲ್ಯುಯೇಷನ್ ಪೇಪರು ಇಡಬಹುದು. ಉಳಿಸಿಕೊಂಡದ್ದು ಸ್ಟೆಪ್ನಿ, ಹಗ್ಗ, ಸನಿಕೆ, ಗಾಳಿ ಪಂಪು, ಫಸ್ಟ್ ಏಡ್ ಡಬ್ಬಿ. ಇವಕ್ಕೆ ನನ್ನ ತಕರಾರಿಲ್ಲ.

ಹೊರಡುವಾಗ ಅವನು, "ಆಂಟಿ, ನಮ್ ತೋಪಿಗೇ ಬಂದ್ಬಿಡಿ ಒಂದಿನ. ಬರುವಾಗ ಏನೂ ತರ್ಬೇಡಿ," ಅಂದ.

8 ಫೆಬ್ರವರಿ, ಶನಿವಾರ, ಸಂಜೆ

ತೋಪಿಗೆ ಬಂದಿದ್ದೇವೆ. ಡಿಸೆಂಬರಿನ ಹಳ್ಳ ದಾರಿಯಲ್ಲೇ ಸಿಕ್ಕಿತು. ಗುಂಡ ಹಾಗೇ ದಾಟಿಬಿಟ್ಟ.

"ಈಗ ಕೆಸರು ಕಮ್ಮಿ, ಅದಕ್ಕೆ," ಅಂದರು ಸೀನು. ಇರಲಿ. ಒಪ್ಪಿಕೊಳ್ಳುವುದು ಕಷ್ಟ ಪಾಪ.

ಇಳಿದು, ಹಾಸಿಗೆ ಕೊಡವಿ ಹಾಸಿದೆವು. ಕೆಲಸ ಮುಗಿಯಿತು. ಸೀನುಗೆ ಕೈ ಖಾಲಿ ಖಾಲಿ. ಗುಂಡನ ಸುತ್ತ ಒಂದು ಸುತ್ತು ಹಾಕಿದರು, ಟೈರು ಒದ್ದು ನೋಡಿದರು, ಹಗ್ಗ ಬಿಚ್ಚಿ ಮತ್ತೆ ಸುತ್ತಿದರು. ಆಮೇಲೆ ಬೇರೆ ದಾರಿ ಇಲ್ಲದೆ ನನ್ನ ಪಕ್ಕ ಬಂದು ಕೂತರು. ಸಾಕು, ಇನ್ನು ನಾಳೆ ಬರೆಯುತ್ತೇನೆ.

9 ಫೆಬ್ರವರಿ, ಬೆಳಗ್ಗೆ

ಮಾವು ಹೂ ಬಿಟ್ಟಿದೆ. ನಿನ್ನೆ ಬಹಳ ಹೊತ್ತು ಮಾತಾಡಿದೆವು.

ಬಂದಾಗಿನಿಂದ ನಾನು ಒಂದೇ ಒಂದು ಸಲವೂ ಗೊಣಗಿಲ್ಲ. ಇರುವೆ ಕಚ್ಚಿತು, ತೆಪ್ಪಗಿದ್ದೆ. ಸೊಂಟ ಹಿಡಿಯಿತು, ತೆಪ್ಪಗಿದ್ದೆ. ಎದ್ದ ಕೂಡಲೇ ಸೀನು ಹಣೆ ಮುಟ್ಟಿ ನೋಡಿದರು.

"ಯಾಕೆ, ಹುಷಾರಿಲ್ವಾ? ಒಂದೂ ಮಾತಾಡ್ತಿಲ್ಲ?"

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ತಡೆಯಲಾಗದೆ ಅಂದೇಬಿಟ್ಟೆ: "ಚಳಿ ರೀ. ಇನ್ನೊಂದು ಶಾಲು ತರಬೇಕಿತ್ತು."

ಅಂದವಳೇ ನಾಲಿಗೆ ಕಚ್ಚಿಕೊಂಡೆ. ಸೀನು ಜೇಬಿಗೆ ಕೈ ಹಾಕಿದರು. ಮುಗೀತು, ಫೋನ್ ತೆಗೆದು ಇನ್ನೇನೋ ಆರ್ಡರ್ ಮಾಡುತ್ತಾರೆ ಅಂದುಕೊಂಡೆ. ಕೈ ಹಾಗೇ ವಾಪಸ್ ಬಂತು. ತಾವು ಹೊದ್ದಿದ್ದ ಶಾಲಿನ ಅರ್ಧ ನನ್ನ ಹೆಗಲಿಗೆ ಹಾಕಿ, ಒತ್ತಿ ಕೂತರು.

ಈಗ ಬರೆಯೋದು ಸಾಕು, ಸೂರ್ಯ ಬಂದ, ಪೆನ್ ಇಡು ಅಂತಿದ್ದಾರೆ. ಕಾಫಿಗೆ ಸಕ್ಕರೆ ಕಮ್ಮಿ. ಶಾಲು ಚುಚ್ಚುತ್ತೆ. ಸೊಂಟ ಇನ್ನೂ ಬಿಟ್ಟಿಲ್ಲ. ಎಷ್ಟು ಚೆನ್ನಾ—