ಗ್ರಾಸಿಯೆಲಾಳ ಮುತ್ತು

ಮೊಂತೆವಿದೇವೊ, ಮೇ ೧೪, ರಾತ್ರಿ

ಕಾನೂನು ಓದು ಬಿಟ್ಟು ನಾನೇ ಆರಿಸಿಕೊಂಡಿದ್ದ ಕಟ್ಟುಹಲ್ಲು ಮಾಡುವ ತರಬೇತಿಯಿಂದಲೂ ಇವತ್ತು ಕಳಿಸಿಬಿಟ್ಟರು. ನಾನು ಮಾಡಿದ ಹಲ್ಲುಗಳಲ್ಲಿ ತಪ್ಪಿಲ್ಲವಂತೆ. ಬೆಳಿಗ್ಗೆ ಇಲ್ಲಿಯ ರೂಢಿಯಂತೆ ಎಲ್ಲರ ಕೆನ್ನೆಗೆ ಮುತ್ತಿಡದೆ ನೇರ ಹೋಗಿ ಕೆಲಸಕ್ಕೆ ಕೂರುತ್ತೇನಲ್ಲ, ಅದು ತಪ್ಪು.

“ನಿಂಗೆ ಆಟಿಸಂ ಅಂತ ಗೊತ್ತು ಕಣಮ್ಮ. ಆದ್ರೂ ಒಂದು ಮುತ್ತು ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದಳು ಮೇಲ್ವಿಚಾರಕಿ ಗ್ರಾಸಿಯೆಲಾ.

“ನಿಮ್ಮ ಸೆಂಟಿನ ವಾಸನೆ ಮಧ್ಯಾಹ್ನದ ತನಕ ನನ್ನ ಮುಖದ ಮೇಲಿರುತ್ತೆ” ಎಂದೆ. ಕೇಳಿದ್ದಕ್ಕೆ ಉತ್ತರ ಹೇಳಿದೆ. ಅದೂ ತಪ್ಪು.

“ಮೂವತ್ತಾಯ್ತು, ಇನ್ನೇನು ಓದ್ತೀಯೇ?” ಎಂದು ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು. ಮುತ್ತಿಡುವುದನ್ನು ಎಲ್ಲಿ ಕಲಿಸುತ್ತಾರೋ ವಿಚಾರಿಸು ಎಂದೆ.

ಕಳಿಸುವಾಗ ಗ್ರಾಸಿಯೆಲಾ ಬಾಗಿಲ ತನಕ ಬಂದು, ಕೇಳದೆಯೇ ನನ್ನ ಕೆನ್ನೆಗೆ ಮುತ್ತಿಟ್ಟಳು. ಸೋಪು ಹಾಕಿ ಉಜ್ಜಿ ತೊಳೆದೆ. ಈಗ ದಿಂಬಿಗೂ ಅವಳದೇ ವಾಸನೆ.